ಭಾನುವಾರದ ಗರುಡ

ರಾಯಪುರಂನ ಆಕಾಶದಲ್ಲಿ ಎರಡು ಜಾತಿಯ ಹಕ್ಕಿಗಳು ಸುತ್ತುತ್ತಿದ್ದವು. ಒಂದು ಪೂರಾ ಕಂದು, ಬಾಲದ ತುದಿ ಮೀನಿನ ಬಾಲದ ಹಾಗೆ ನಡುವೆ ಸೀಳಿದ್ದು. ಇನ್ನೊಂದು ಇಟ್ಟಿಗೆ ಬಣ್ಣದ್ದು, ತಲೆಯಿಂದ ಎದೆಯವರೆಗೆ ಬಿಳಿ, ಬಾಲ ದುಂಡಗೆ. ಎರಡೂ ತಿನ್ನುತ್ತಿದ್ದದ್ದು ಒಂದನ್ನೇ. ಕಡಲ ದಂಡೆಯಲ್ಲಿ ಹೆಂಗಸರು ಕೊಯ್ದು ಎಸೆದ ಮೀನಿನ ಕರುಳು, ಚರಂಡಿಯ ಸತ್ತ ಇಲಿ. ಆದರೆ ಮೊದಲನೆಯದು ತಾರಸಿಯ ಮೇಲೆ ಬಂದರೆ ನಾವು ಒಣಗಲು ಹಾಕಿದ ಸಂಡಿಗೆಯನ್ನು ಒಳಗೆ ತೆಗೆಯುತ್ತಿದ್ದೆವು. ಎರಡನೆಯದು ಬಂದರೆ ಕೈ ಮುಗಿಯುತ್ತಿದ್ದೆವು. ಮೊದಲನೆಯದು ಹದ್ದು, ಎರಡನೆಯದು ಗರುಡ. ಈ ಎರಡು ಹೆಸರುಗಳ ನಡುವೆ ಸಿಕ್ಕಿಕೊಂಡು ನಾನು ಒಂದು ವರ್ಷಕ್ಕೂ ಹೆಚ್ಚಿನ ಭಾನುವಾರಗಳೆಲ್ಲ ಹಸಿದಿದ್ದೇನೆ. ಅದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ, ಕುಂದಾಪುರದ ಹತ್ತಿರದ ಒಂದು ಶಾಲೆಯಲ್ಲಿ. ರಾಜ್ಯಗಳನ್ನು ಭಾಷೆಯ ಲೆಕ್ಕದಲ್ಲಿ ಹಂಚಿದ ಮರುವರ್ಷ ಮದುವೆಯಾಗಿ ಮದ್ರಾಸಿಗೆ ಬಂದೆ. ಮನೆಯವರು ಪ್ಯಾರೀಸ್ ಕಾರ್ನರಿನ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವವರು. ಹೋಟೆಲಿನ ಯಜಮಾನರೂ ನಮ್ಮ ಕಡೆಯವರೇ, ಅಡುಗೆಯವರೂ ಬಡಿಸುವವರೂ ಎಲ್ಲ ನಮ್ಮ ಕಡೆಯವರೇ. ನಮಗೆ ಇದ್ದದ್ದು ರಾಯಪುರಂನ ಒಂದು ಮನೆಯ ಮಹಡಿಯ ಪೋರ್ಷನ್. ಪೋರ್ಷನ್ ಅಂದರೆ ಒಂದು ಕೋಣೆ, ಅದರ ಮೂಲೆಯಲ್ಲಿ ಒಲೆ, ಮುಂದೆ ತೆರೆದ ತಾರಸಿ. ನಲ್ಲಿ ಕೆಳಗೆ ಅಂಗಳದಲ್ಲಿತ್ತು. ಕೆಳಗಿನ ಪೋರ್ಷನ್ನಿನಲ್ಲಿ ರೈಲ್ವೆಯ ಗುಮಾಸ್ತರೊಬ್ಬರು ಸಂಸಾರ ಇಟ್ಟಿದ್ದರು, ಮೈಸೂರು ಕಡೆಯ ಕನ್ನಡದವರು.

ನಾನು ದಿನಕ್ಕೆ ಹತ್ತು ಸಲ ಆ ಮೆಟ್ಟಿಲು ಹತ್ತಿ ನೀರು ಹೊತ್ತೆ. ಮದ್ರಾಸು ಹೇಗಿತ್ತು ಎಂದು ಮೊಮ್ಮಕ್ಕಳು ಕೇಳಿದರೆ ನನಗೆ ನೆನಪಾಗುವುದು ಆ ಇಪ್ಪತ್ತೆರಡು ಮೆಟ್ಟಿಲು.

ಹೆಸರುಗಳ ವಿಷಯಕ್ಕೆ ಬರುತ್ತೇನೆ. ಊರಿನಲ್ಲಿ ಕೋಳಿಮರಿ ಎತ್ತಿಕೊಂಡು ಹೋಗುವ ಎಲ್ಲ ಹಕ್ಕಿಯೂ ನಮಗೆ ಗಿಡುಗ ಇಲ್ಲವೇ ಹದ್ದು. ಮದ್ರಾಸಿಗೆ ಬಂದರೆ ಬೀದಿಯವರೆಲ್ಲ ಪರುಂದು ಅನ್ನುತ್ತಿದ್ದರು. ಬೇರೆ ಯಾವುದೋ ಹಕ್ಕಿ ಇರಬೇಕು ಎಂದು ನಾನು ಆರು ತಿಂಗಳು ತಿಳಿದಿದ್ದೆ. ಒಂದು ದಿನ ನಲ್ಲಿಯ ಹತ್ತಿರ ಗುಮಾಸ್ತರು ಹೇಳಿದರು, "ಅದೂ ಇದೂ ಒಂದೇನಮ್ಮ. ನಮ್ಮ ಹಳೇ ಕನ್ನಡದಲ್ಲಿ ಪರ್ದು ಅಂತಿತ್ತಂತೆ. ಇವರ ಪಾಲು ನಮಗೆ ಹಾಲು, ಇವರ ಪುಲಿ ನಮಗೆ ಹುಲಿ. ಹಂಗೇ ಪರ್ದು ಹೋಗಿ ಹದ್ದು." ಅವರು ಪುಸ್ತಕ ಓದುವವರು. ನಾನು ಕೊಡ ತುಂಬುವವರೆಗೆ ಮಾತ್ರ ಕೇಳುವವಳು. ಆದರೂ ಆ ಮಾತು ತಲೆಯಲ್ಲಿ ಉಳಿಯಿತು. ಅದರಿಂದ ಬೀದಿಯ ತಮಿಳಿನ ಅರ್ಧ ನನಗೆ ತಾನಾಗಿ ಬಂತು. ಪ ಬಂದಲ್ಲಿ ಹ ಹಾಕಿ ನೋಡುವುದು, ತಿಳಿದರೆ ತಿಳಿಯಿತು.

ಗರುಡನಿಗೆ ಇಂಗ್ಲಿಷಿನವರು ಬ್ರಾಹ್ಮಣ ಹದ್ದು ಎಂದು ಹೆಸರಿಟ್ಟಿದ್ದಾರೆ ಎಂದೂ ಅವರೇ ಹೇಳಿದರು. ನನಗೆ ನಗು ಬಂತು. ಬ್ರಾಹ್ಮಣನಾದ ಮೇಲೆ ಮೀನಿನ ಕರುಳಿಗೆ ಬೀಳಬಾರದಿತ್ತು. ಬಿಳಿ ಕುತ್ತಿಗೆ ಇದ್ದರೆ ತಿಂದದ್ದನ್ನು ಯಾರೂ ಕೇಳುವುದಿಲ್ಲ ಅಂತ ಕಾಣುತ್ತದೆ.

ನಾನು ಬಂದ ಐದನೆಯ ವರ್ಷ ಮನೆಯವರಿಗೆ ಕೆಮ್ಮು ಹಿಡಿಯಿತು. ಹೋಟೆಲಿನ ಹೊಗೆ ಎಂದುಕೊಂಡೆವು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ರಕ್ತ ಬಿತ್ತು. ಆಸ್ಪತ್ರೆಯಲ್ಲಿ ಎದೆಯ ಫೋಟೊ ತೆಗೆದು ಕ್ಷಯ ಎಂದರು. ಈಗ ಮನೆಯಲ್ಲೇ ಇದ್ದು ವಾಸಿ ಮಾಡಿಕೊಳ್ಳಬಹುದು, ಸೂಜಿ ಹಾಕುತ್ತೇವೆ, ಮಾತ್ರೆ ಕೊಡುತ್ತೇವೆ, ಒಂದು ವರ್ಷ ತಪ್ಪಿಸಬಾರದು ಎಂದರು. ಯಜಮಾನರು ಒಳ್ಳೆಯವರೇ. "ಪೂರಾ ವಾಸಿಯಾಗಿ ಬಾ" ಎಂದು ಹೇಳಿ ಕಳಿಸಿದರು. ಇವರು ಕೋಣೆಯ ಒಂದು ಬದಿಗೆ ಚಾಪೆ ಹಾಕಿಕೊಂಡು ಮಲಗಿದರು. ನಾನು ಬಸುರಿಯಾಗಿದ್ದೆ.

ಸುದ್ದಿ ಊರಿಗೆ ಹೋಗಿ ಅತ್ತೆ ಬಂದರು. ಬಸ್ಸಿನಲ್ಲಿ, ರೈಲಿನಲ್ಲಿ ಎರಡು ಹಗಲು ಒಂದು ರಾತ್ರಿ ಏನೂ ಮುಟ್ಟದೆ ಬಂದಿದ್ದರು. ಬಂದವರು ಮಗನ ಎದೆಯ ಮೇಲೆ ಕೈ ಇಟ್ಟು ನೋಡಿದರು. ಸ್ನಾನ ಮಾಡಿ, ದೇವರ ಮುಂದೆ ನಿಂತು ಹರಕೆ ಹೊತ್ತರು. ಭಾನುವಾರ ಗರುಡನನ್ನು ಕಂಡರೆ ರೋಗ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇದೆ. ಮಗ ಎದ್ದು ಕೆಲಸಕ್ಕೆ ಹೋಗುವವರೆಗೆ ಪ್ರತಿ ಭಾನುವಾರ ಗರುಡನ ದರ್ಶನ ಆಗದೆ ನೀರೂ ಮುಟ್ಟುವುದಿಲ್ಲ ಎಂದರು.

ಅತ್ತೆ ಉಣ್ಣದೆ ಸೊಸೆ ಉಣ್ಣುವ ಕ್ರಮ ನಮ್ಮಲ್ಲಿ ಇರಲಿಲ್ಲ. ಹಾಗಾಗಿ ಹರಕೆ ಹೊತ್ತವರು ಒಬ್ಬರು, ಹಸಿದವರು ಇಬ್ಬರು.

ಅದಕ್ಕಿಂತ ದೊಡ್ಡ ತೊಂದರೆ ಅವರ ಕಣ್ಣು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಕಾಶದಲ್ಲಿ ಏನೋ ಕಪ್ಪಗೆ ಹಾರುವುದು ಕಾಣುತ್ತಿತ್ತು, ಬಣ್ಣ ಕಾಣುತ್ತಿರಲಿಲ್ಲ. ತಾರಸಿಯ ಮೇಲೆ ನಿಂತು ನೋಡಿ ಹೇಳುವ ಕೆಲಸ ನನ್ನದಾಯಿತು.

"ಹೆಣ್ಣೆ, ಬಂತಾ?"

"ಒಂದು ಬಂತು ಅತ್ತೆ. ಹದ್ದು."

"ಕುತ್ತಿಗೆ ಬಿಳಿ ಇತ್ತಾ ಕಾಣ್."

"ಇಲ್ಲೆ. ಪೂರಾ ಕಂದು."

"ಸಮಾ ಕಾಣ್ ಮಾರಾಯ್ತಿ. ಬಾಲ ದುಂಡಗಿತ್ತಾ?"

"ಸೀಳಿತ್ತ್ ಅತ್ತೆ. ಹದ್ದೇ."

ಬೇಸಿಗೆಯಲ್ಲಿ ಕಷ್ಟವಾಗಲಿಲ್ಲ. ದೋಣಿಗಳು ಬೆಳಿಗ್ಗೆ ದಂಡೆಗೆ ಬರುವ ಹೊತ್ತಿಗೆ ಗರುಡಗಳೂ ಬರುತ್ತಿದ್ದವು. ಏಳು ಗಂಟೆಗೋ ಎಂಟು ಗಂಟೆಗೋ ನಾನು ಕೈ ತೋರಿಸುತ್ತಿದ್ದೆ. ಅತ್ತೆ ಆ ದಿಕ್ಕಿಗೆ ಮುಖ ಎತ್ತಿ ಕೈ ಮುಗಿದು, ಎರಡು ಕೆನ್ನೆ ತಟ್ಟಿಕೊಂಡು ಒಳಗೆ ಹೋಗುತ್ತಿದ್ದರು. ಆಷಾಢದಲ್ಲಿ ಮಗಳು ಹುಟ್ಟಿದಳು. ಬಾಣಂತನದ ನಲವತ್ತು ದಿನ ಹೇಗೋ ಕೆಳಗಿನ ಗುಮಾಸ್ತರ ಹೆಂಡತಿ ನನ್ನ ಬದಲು ತಾರಸಿಗೆ ಬಂದು ನಿಂತರು. ಆಮೇಲೆ ಮತ್ತೆ ನಾನೇ.

ದೀಪಾವಳಿ ಬರುವ ಐಪಸಿ ತಿಂಗಳ ಮಳೆ ಹಿಡಿದ ಮೇಲೆ ದೋಣಿ ಇಳಿಯುವುದು ನಿಂತಿತು. ದಂಡೆಯಲ್ಲಿ ಮೀನಿಲ್ಲ, ಕರುಳಿಲ್ಲ, ಗರುಡನೂ ಇಲ್ಲ. ಹದ್ದುಗಳಿಗೆ ಮಾತ್ರ ಮಳೆ ಬಿಸಿಲು ಒಂದೇ. ಹೋಟೆಲಿನ ಎಂಜಲೆಲೆಗೂ ಬೀಳುತ್ತಿದ್ದವು, ಕಸದ ತೊಟ್ಟಿಗೂ ಬೀಳುತ್ತಿದ್ದವು, ಎಲ್ಲಿ ನೋಡಿದರೂ ಅವೇ. ಒಂದು ಭಾನುವಾರ ಹನ್ನೆರಡಾಯಿತು, ಎರಡಾಯಿತು. ಗೋಣಿಚೀಲ ತಲೆಗೆ ಹಾಕಿಕೊಂಡು ಮಳೆಯಲ್ಲಿ ನಿಂತಿದ್ದೆ. ಒಳಗೆ ಮಗು ಅಳುತ್ತಿತ್ತು. ಎದೆ ಕೊಟ್ಟರೆ ಎರಡು ಗುಟುಕು ಕುಡಿದು ಬಿಟ್ಟು ಮತ್ತೆ ಅಳುತ್ತಿತ್ತು, ಹಾಲು ಇರಲಿಲ್ಲ. ಬೆಳಗಿನಿಂದ ನೀರೇ ಕುಡಿಯದವಳಿಗೆ ಹಾಲು ಎಲ್ಲಿಂದ ಬರಬೇಕು? ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದರು. ತುಟಿ ಬಿಳಿಚಿತ್ತು.

ಚಾಪೆಯ ಮೇಲಿಂದ ಮನೆಯವರು ಹೇಳಿದರು, "ಅಮ್ಮ, ನೀ ಉಣ್ಣ್. ನಂಗೆ ಎಂತದೂ ಆತಿಲ್ಲೆ."

"ನೀ ಸುಮ್ನೆ ಮನಿಕೋ" ಎಂದರು ಅತ್ತೆ.

ಮೂರು ಗಂಟೆಯ ಹೊತ್ತಿಗೆ ಎದುರು ಮನೆಯ ತೆಂಗಿನ ಮರದ ಮೇಲಿಂದ ಒಂದು ಹಕ್ಕಿ ಎದ್ದು ನಮ್ಮ ತಾರಸಿಯ ಮೇಲೆಯೇ ಹಾದುಹೋಯಿತು. ಹದ್ದು. ಕಂದು ಬಣ್ಣ, ಸೀಳಿದ ಬಾಲ, ಒದ್ದೆ ರೆಕ್ಕೆ.

"ಅತ್ತೆ, ಗರುಡ" ಎಂದೆ.

"ಕುತ್ತಿಗೆ?"

"ಬಿಳಿ."

ಅವರು ಕೈ ಮುಗಿದರು. ನಾನೂ ಮುಗಿದೆ. ಒಳಗೆ ಹೋಗಿ ಇಬ್ಬರೂ ಉಂಡೆವು. ನಾನು ಅತ್ತೆಯ ಮೇಲಿನ ಕನಿಕರದಿಂದ ಹಾಗೆ ಹೇಳಿದೆ ಎಂದು ಯಾರೂ ತಿಳಿಯಬೇಡಿ. ನನಗೆ ಹಸಿವಾಗಿತ್ತು.

ಒಂದು ಸಲ ಹೇಳಿದ ಮೇಲೆ ಎರಡನೆಯ ಸಲ ಹೇಳಲು ಮೂರು ಗಂಟೆಯವರೆಗೆ ಕಾಯಬೇಕಾಗಲಿಲ್ಲ. ಮುಂದಿನ ಭಾನುವಾರ ಹನ್ನೊಂದಕ್ಕೆ ಹೇಳಿದೆ. ಅದರ ಮುಂದಿನದು ಒಂಬತ್ತಕ್ಕೆ. ಅತ್ತೆಗೆ ಸಂತೋಷವಾಗಿ, "ಈಚೀಚೆ ಬೇಗ ಬತ್ತ ಕಾಣ್. ಕರೆ ಕೇಳಿತ್ ಅವ್ನಿಗೆ" ಎಂದರು. ನಾನು ಇಡ್ಲಿ ತಟ್ಟೆ ತೊಳೆಯುತ್ತಿದ್ದೆ, ಹೂಂ ಎಂದೆ. ಹೀಗೆ ಏಳು ಭಾನುವಾರ ಆಯಿತು.

ಎಂಟನೆಯ ಶನಿವಾರ ಮನೆಯವರಿಗೆ ಮತ್ತೆ ರಕ್ತ ಬಿತ್ತು. ಮೊದಲಿಗಿಂತ ಹೆಚ್ಚು.

ಆಸ್ಪತ್ರೆಯವರು ಮಾತ್ರೆ ಸರಿಯಾಗಿ ನುಂಗುತ್ತಿದ್ದೀರಾ ಎಂದು ಕೇಳಿದರು. ಇವರು ನುಂಗುತ್ತಿದ್ದೇನೆ ಎಂದರು. ಆ ಮಾತ್ರೆ ದೊಡ್ಡದು, ದಿನಕ್ಕೆ ಹಿಡಿ ತುಂಬ ನುಂಗಬೇಕು, ಹೊಟ್ಟೆ ತೊಳಸುತ್ತದೆ. ಅರ್ಧವನ್ನು ಇವರು ತಾರಸಿಯ ತೂಬಿನಲ್ಲಿ ತುರುಕುತ್ತಿದ್ದರು ಎಂದು ನನಗೆ ಗೊತ್ತಾದದ್ದು ತಿಂಗಳ ಮೇಲೆ, ತಾರಸಿಯಲ್ಲಿ ನೀರು ಕಟ್ಟಿಕೊಂಡಾಗ. ಆ ಮನೆಯಲ್ಲಿ ಸುಳ್ಳು ಹೇಳುತ್ತಿದ್ದವಳು ನಾನೊಬ್ಬಳೇ ಆಗಿರಲಿಲ್ಲ.

ಆದರೆ ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ. ಅತ್ತೆ ದೇವರ ಮುಂದೆ ಕೂತು ಅತ್ತರು. ನಾನು ಅವರು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. "ಇಷ್ಟು ಭಾನುವಾರ ಗರುಡನ್ನ ಕಂಡೂ ಹೀಂಗಾಯ್ತಂದ್ರೆ ನನ್ನಲ್ಲೇ ಪಾಪ ಇತ್ತ್" ಎಂದರು. ಇನ್ನು ಭಾನುವಾರ ದರ್ಶನ ಆದರೂ ಉಣ್ಣುವುದಿಲ್ಲ, ಶನಿವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ ಪೂರಾ ನಿರಾಹಾರ ಎಂದರು.

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಒಂದೂವರೆ ದಿನ, ನೀರೂ ಇಲ್ಲದೆ, ಎದೆಹಾಲಿನ ಮಗುವನ್ನಿಟ್ಟುಕೊಂಡು. ಆಗ ನನ್ನ ಪೆದ್ದುತಲೆಗೆ ಒಂದು ಉಪಾಯ ಹೊಳೆಯಿತು. ನಿಜ ಹೇಳಿಬಿಟ್ಟರೆ ಅವರಿಗೆ ಸಮಾಧಾನವಾಗುತ್ತದೆ, ಗರುಡ ಕೈಬಿಡಲಿಲ್ಲ, ಗರುಡ ಬರಲೇ ಇಲ್ಲ, ಪಾಪ ತನ್ನದಲ್ಲ ಎಂದು ತಿಳಿದು ಉಣ್ಣುತ್ತಾರೆ ಎಂದುಕೊಂಡೆ.

ಭಾನುವಾರ ಸಂಜೆ ಹೇಳಿದೆ. "ಅತ್ತೆ, ನಿಮ್ಮಲ್ಲಿ ಪಾಪ ಇಲ್ಲೆ. ಮಳೆ ಹಿಡಿದ ಮೇಲೆ ನೀವು ಕಂಡದ್ದು ಗರುಡ ಅಲ್ಲ. ಹದ್ದು. ನಾನೇ ಸುಳ್ಳು ಹೇಳಿದ್ದು."

ಅವರು ಬೈಯಲಿಲ್ಲ. "ಎಷ್ಟು ಭಾನುವಾರ?" ಎಂದು ಕೇಳಿದರು.

"ಏಳು."

ಬೆರಳು ಮಡಚಿ ಏಳನ್ನು ಎಣಿಸಿಕೊಂಡರು. "ಏಳು ದಿನ ಹರಕೆ ಮುರಿದು ಅನ್ನ ತಿಂದೆ ಹಂಗಾರೆ" ಎಂದರು. ಗೋಡೆಯ ಕಡೆಗೆ ತಿರುಗಿ ಕೂತರು.

ಸೋಮವಾರ ಬೆಳಿಗ್ಗೆ ಗಂಜಿ ಇಟ್ಟೆ. ಮುಟ್ಟಲಿಲ್ಲ. ತುಳಸಿ ನೀರು ಒಂದು ಉದ್ಧರಣೆ ಕುಡಿದರು. ಮಧ್ಯಾಹ್ನವೂ ಅಷ್ಟೇ. ಮುರಿದ ಹರಕೆಗೆ ಪರಿಹಾರ ಗೊತ್ತಾಗುವವರೆಗೆ ಅನ್ನ ಇಳಿಯುವುದಿಲ್ಲ ಎಂದರು. ಮನೆಯವರು ಕೂಗಾಡಿದರು, ಕೂಗಾಡಿದ್ದಕ್ಕೆ ಕೆಮ್ಮು ಬಂತು, ಕೆಮ್ಮು ಬಂದದ್ದಕ್ಕೆ ಅತ್ತೆಯ ಹಟ ಇನ್ನೂ ಗಟ್ಟಿಯಾಯಿತು. ನಾನು ಅವತ್ತು ಅಡುಗೆಮೂಲೆಯಲ್ಲಿ ಅವರಿಗೆ ಬೆನ್ನು ಹಾಕಿ ಎರಡು ತುತ್ತು ತಿಂದೆ. ಮದುವೆಯಾದ ಮೇಲೆ ಅತ್ತೆಗಿಂತ ಮೊದಲು ತಿಂದದ್ದು ಅದೇ ಮೊದಲು. ಮಗುವಿಗೋಸ್ಕರ ಎಂದು ನನಗೆ ನಾನೇ ಹೇಳಿಕೊಂಡೆ. 

ಮಂಗಳವಾರ ಪುರೋಹಿತರನ್ನು ಕರೆಸಿದೆವು. ನಮ್ಮ ಹೋಟೆಲಿನವರ ಮನೆಗಳಿಗೆಲ್ಲ ಅವರೇ ಬರುವವರು. ಕಾಲು ತೊಳೆದು, ಕೂತು, ಎಲ್ಲ ಕೇಳಿಕೊಂಡರು. ಆಮೇಲೆ ಗರುಡ ಎಂಬ ಹೆಸರಿನ ಅರ್ಥದಿಂದ ಶುರುಮಾಡಿದರು.

"ಗುರು ಅಂದ್ರೆ ಭಾರ. ಭಾರವನ್ನು ಹೊತ್ತು ಹಾರಿದವನು, ಅದಕ್ಕೆ ಗರುಡ. ಒಂದು ಕಾಲಿನಲ್ಲಿ ಆನೆ, ಒಂದು ಕಾಲಿನಲ್ಲಿ ಆಮೆ, ಕೊಕ್ಕಿನಲ್ಲಿ ಮರದ ಕೊಂಬೆ. ಆ ಕೊಂಬೆಗೆ ತಲೆಕೆಳಗಾಗಿ ನೇತುಬಿದ್ದ ಋಷಿಗಳು. ಅವರನ್ನು ಬೀಳಿಸದೆ ಹೊತ್ತನಲ್ಲ, ಆ ಋಷಿಗಳೇ ಹೆಸರಿಟ್ಟರು. ನುಂಗುವವನು ಅಂತಲೂ ಇನ್ನೊಂದು ಅರ್ಥ ಹೇಳುತ್ತಾರೆ, ಹಾವು ನುಂಗುತ್ತಾನೆ ನೋಡಿ."

ಒಂದು ಗಂಟೆ ಹೇಳಿದರು. ಕಥೆ ಚೆನ್ನಾಗಿತ್ತು. ನಾನು ಬಾಗಿಲ ಬಳಿ ಮಗುವನ್ನು ತೂಗುತ್ತ ನಿಂತಿದ್ದೆ, ಕಾಲು ಜೋಮು ಹಿಡಿದಿತ್ತು. ಅಷ್ಟು ಹೊತ್ತವನಿಗೆ ಒಂದು ಹೆಸರಾದರೂ ಸಿಕ್ಕಿತು ಎಂದುಕೊಂಡೆ.

ಕೊನೆಗೆ ತೀರ್ಪು ಹೇಳಿದರು. "ತಿಳಿಯದೆ ಉಂಡವರಿಗೆ ದೋಷ ಇಲ್ಲಮ್ಮ. ತಿಳಿದು ಸುಳ್ಳು ಹೇಳಿದವರಿಗೆ ದೋಷ."

"ದೋಷ ಅವ್ಳಿಗೆ ಇರ್ಲಿ" ಎಂದರು ಅತ್ತೆ. "ಅನ್ನ ಇದ್ದದ್ದು ನನ್ನ ಹೊಟ್ಟೆಯಲ್ಲಿ ಅಲ್ದಾ?"

ಪುರೋಹಿತರು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು. ಎದ್ದು ಹೋದರು. ಬುಧವಾರ ಅತ್ತೆ ನಲ್ಲಿಗೆ ಇಳಿಯುವಾಗ ನಾಲ್ಕನೆಯ ಮೆಟ್ಟಿಲಿನಲ್ಲಿ ಕೂತುಬಿಟ್ಟರು. ಎತ್ತಿಕೊಂಡು ಬರಲು ಹೋದರೆ ಕೈ ತಳ್ಳಿದರು. ಹಿಡಿದ ತೋಳು ಬರೀ ಮೂಳೆ. ಇನ್ನು ಎರಡು ದಿನ ಹೀಗೇ ಆದರೆ ಈ ಮನೆಯಿಂದ ಮೊದಲು ಹೊರಡುವುದು ರೋಗಿಯಲ್ಲ, ಇವರು ಎಂದು ನನಗೆ ಖಾತ್ರಿಯಾಯಿತು. ಕೊಂದವಳು ನಾನಾಗುತ್ತಿದ್ದೆ.

ನಮ್ಮ ಬೀದಿಯಲ್ಲಿ ದಿನಾ ಮೀನು ಮಾರುತ್ತ ಹೋಗುವ ಹೆಂಗಸೊಬ್ಬಳಿದ್ದಳು. ಬೀದಿಯವರು ಮೀನ್‌ಕಾರಮ್ಮ ಎಂದು ಕರೆಯುತ್ತಿದ್ದರು. ನಮ್ಮ ಮನೆಯಲ್ಲಿ ಅವಳಿಗೆ ವ್ಯಾಪಾರ ಇರಲಿಲ್ಲ, ಅವಳ ಬುಟ್ಟಿಯ ನೀರು ನಮ್ಮ ಹೊಸ್ತಿಲ ಮುಂದೆ ಸೋರಿದರೆ ಅತ್ತೆ ಸಗಣಿ ನೀರು ಹಾಕಿಸುತ್ತಿದ್ದರು. ಆದರೂ ನೆರಳಿಗೆಂದು ಅವಳು ಬುಟ್ಟಿ ಇಳಿಸುತ್ತಿದ್ದದ್ದು ನಮ್ಮ ಗೋಡೆಯ ಬದಿಗೇ. ನಾನು ಕೊಡ ಹಿಡಿದು ಇಳಿದಾಗ ಒಂದೆರಡು ಮಾತಾಡುತ್ತಿದ್ದೆವು. ಆ ವಾರ ಮಳೆ ಬಿಟ್ಟು ದೋಣಿಗಳು ಮತ್ತೆ ಇಳಿದಿದ್ದವು. ಗುರುವಾರ ಅವಳು ನನ್ನ ಮುಖ ನೋಡಿ, "ಇನ್ನಾಮ್ಮಾ, ಕರುವಾಡು ಮಾದಿರಿ ಆಯಿಟ್ಟೆ?" ಎಂದಳು. ಒಣಮೀನಿನ ಹಾಗಾಗಿದ್ದೀಯಲ್ಲ ಎಂದು. ನನಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಸ್ವಲ್ಪ ಶಕ್ತಿ ಬೇಕು. ಅಲ್ಲೇ ಕಟ್ಟೆಯ ಮೇಲೆ ಕೂತು ಅವಳಿಗೆ ಎಲ್ಲವನ್ನೂ ಹೇಳಿದೆ.

ಅವಳು ಮೀನಿನ ಮೇಲಿನ ನೊಣ ಓಡಿಸುತ್ತ ಕೇಳಿದಳು. ಮೊದಲು ನಕ್ಕಳು. ನಿಮ್ಮ ಸ್ವಾಮಿ ನಮ್ಮ ದಂಡೆಯಲ್ಲಿ ದಿನಾ ಕರುಳು ಕದಿಯುತ್ತಾನೆ, ನಾನು ಪೊರಕೆಯಲ್ಲಿ ಹೊಡೆದಿದ್ದೇನೆ ಎಂದಳು. ಆಮೇಲೆ, ಗರುಡನ ಮರಿಯನ್ನು ನೋಡಿದ್ದೀಯಾ ಎಂದು ಕೇಳಿದಳು. ನೋಡಿಲ್ಲ ಎಂದೆ. "ಅದೂ ಕಂದೇ" ಎಂದಳು. ಹುಟ್ಟುವಾಗ ಯಾವ ಗರುಡನಿಗೂ ಬಿಳಿ ಕುತ್ತಿಗೆ ಇರುವುದಿಲ್ಲವಂತೆ. ಹಾರಲು ಕಲಿತ ಮೇಲೂ ಒಂದು ವರ್ಷದ ಮೇಲೆಯೇ ಬೇಕಂತೆ, ಒಂದೊಂದು ಗರಿಯಾಗಿ ಬಿಳುಪು ಬರಲು. ಅದುವರೆಗೆ ನೋಡಿದವರು ಹದ್ದು ಎಂದೇ ತಿಳಿಯುತ್ತಾರೆ, ದಂಡೆಯವರಿಗೆ ಮಾತ್ರ ಗೊತ್ತು ಎಂದಳು.

"ಅಕ್ಕಾ, ಇದನ್ನು ನಮ್ಮ ಅತ್ತೆಗೆ ಹೇಳ್ತೀಯಾ?" ಎಂದು ತಮಿಳಿನಲ್ಲಿ ಕೇಳಿದೆ.

ಅವಳು ಬುಟ್ಟಿ ಅಲ್ಲೇ ಬಿಟ್ಟು ಅಂಗಳಕ್ಕೆ ಬಂದು ಮೆಟ್ಟಿಲ ಬುಡದಲ್ಲಿ ನಿಂತಳು. ಮೇಲೆ ಬಾ ಎಂದು ಯಾರೂ ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಲ್ಲಿಂದಲೇ ದಂಡೆಯ ಗಂಟಲಿನಲ್ಲಿ ಕೂಗಿದಳು, "ಪಾಟೀ! ಅದು ಗರುಡನ್ ಕುಂಜು ಪಾಟೀ!"

ಅತ್ತೆ ಗೋಡೆ ಹಿಡಿದುಕೊಂಡು ತಾರಸಿಯ ಅಂಚಿಗೆ ಬಂದರು. "ಎಂತ ಹೇಳ್ತ್ ಅದು?"

"ಅತ್ತೆ, ಅದು ಗರುಡನ ಮರಿ ಇದ್ದಿರ್ಬಹುದು ಅಂತ..."

"ನೀ ಹೇಳ್ಬೇಡ" ಎಂದರು. "ಕೆಳಗಿನವರನ್ನ ಕರಿ."

ಅತ್ತೆಗೆ ತಮಿಳು ಬಾರದು. ನನ್ನ ಬಾಯಿಯಿಂದ ಬಂದ ಕನ್ನಡ ಬೇಡ. ಗುಮಾಸ್ತರು ಅವತ್ತು ಮಧ್ಯಾಹ್ನದ ಡ್ಯೂಟಿ ಇದ್ದು ಮನೆಯಲ್ಲಿದ್ದರು. ಬನಿಯನ್ನಿನಲ್ಲೇ ಹೊರಗೆ ಬಂದು ಮೆಟ್ಟಿಲ ನಡುವೆ ನಿಂತರು, ಕೆಳಗಿನಿಂದ ತಮಿಳು ತೆಗೆದುಕೊಂಡು ಮೇಲಕ್ಕೆ ಕನ್ನಡ ಕೊಡಲು.

"ಅಜ್ಜಿ, ಏನ್ ಹೇಳ್ತಿದಾಳೆ ಅಂದ್ರೆ, ಗರುಡನ ಮರಿ ಮೊದಮೊದಲು ಹದ್ದಿನ ಬಣ್ಣಾನೇ ಇರುತ್ತಂತೆ. ದೊಡ್ಡದಾದ್ಮೇಲೆ ಬಿಳೀದು ಬರೋದಂತೆ."

"ಇವ್ಳು ಹೇಳ್ಕೊಟ್ಟದ್ದಾ?"

ಗುಮಾಸ್ತರು ಕೆಳಗೆ ಕೇಳಿದರು. ಮೀನ್‌ಕಾರಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡು ಉದ್ದಕ್ಕೆ ಏನೋ ಹೇಳಿದಳು. ಗುಮಾಸ್ತರು ಅದನ್ನು ಸ್ವಲ್ಪ ತೊಳೆದು ಮೇಲಕ್ಕೆ ಕೊಟ್ಟರು. "ನಿಮ್ಮ ಸೊಸೆಗೆ ಮತ್ತಿ ಮೀನು ಯಾವುದು ಬಂಗಡೆ ಯಾವುದು ಗೊತ್ತಿಲ್ಲ, ಅವಳೇನು ನನಗೆ ಹೇಳ್ಕೊಡೋದು ಅಂತಾಳೆ. ಅವಳ ಅಜ್ಜಿ ಕಾಲದಿಂದ ಅವರು ದಂಡೇಲೇ ಇರೋದಂತೆ."

"ಬಾಲ?" ಎಂದರು ಅತ್ತೆ. "ಮರಿಯ ಬಾಲ ಹ್ಯಾಂಗಿರತ್ತಂಬ್ರು?"

ಕೆಳಗಿನಿಂದ ಉತ್ತರ ಬಂತು. ಮರಿಯಾದರೂ ಬಾಲ ದುಂಡಗೇ, ಸೀಳಿರುವುದಿಲ್ಲ.

ಅತ್ತೆ ನನ್ನ ಕಡೆ ತಿರುಗಿದರು. ಪೊರೆ ಬಂದ ಕಣ್ಣು, ನನ್ನ ಮುಖ ಅವರಿಗೆ ಎಷ್ಟು ಕಾಣುತ್ತಿತ್ತೋ. "ನೀ ಕಂಡದ್ದರ ಬಾಲ..." ಎಂದು ಶುರುಮಾಡಿದರು. ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ನನಗೆ ಈಗಲೂ ಗೊತ್ತಿಲ್ಲ.

"ಬೇಡ" ಎಂದರು. "ನೀ ಹೇಳಿದ್ದು ಸಾಕ್."

 ಆಮೇಲೆ ಒಳಗೆ ಹೋಗಿ, ಕೈಕಾಲು ತೊಳೆದು, ಎಲೆಯ ಮುಂದೆ ಕೂತರು. ನಾನು ಗಂಜಿ ಬಡಿಸಿದೆ. ಉಪ್ಪಿನಕಾಯಿಯ ರಸ ಮಾತ್ರ ಕೇಳಿದರು. ನಾಲ್ಕು ದಿನದ ಹೊಟ್ಟೆ, ಅರ್ಧ ಲೋಟಕ್ಕಿಂತ ಹೆಚ್ಚು ಇಳಿಯಲಿಲ್ಲ. ಕೆಳಗೆ ಮೀನ್‌ಕಾರಮ್ಮ ಬುಟ್ಟಿ ಎತ್ತಿಕೊಂಡು ಮುಂದಿನ ಬೀದಿಗೆ ಹೋದಳು.

ಭಾನುವಾರದ ಹರಕೆ ನಿಲ್ಲಲಿಲ್ಲ. ನಿರಾಹಾರ ಬಿಟ್ಟು ಹಳೆಯ ಕ್ರಮವೇ ಮುಂದುವರಿಯಿತು, ದರ್ಶನ ಆದ ಮೇಲೆ ಊಟ. ಆದರೆ ಹಕ್ಕಿ ಯಾವುದು ಎಂದು ಹೇಳುವ ಕೆಲಸ ನನ್ನಿಂದ ಹೋಯಿತು. ಅದು ಮೀನ್‌ಕಾರಮ್ಮನಿಗೆ ಹೋಯಿತು. ಭಾನುವಾರ ಅವಳು ಬೇಗನೆ ನಮ್ಮ ಬೀದಿಗೆ ಬರುತ್ತಿದ್ದಳು, ಅವತ್ತು ವ್ಯಾಪಾರ ಜೋರು. ಅತ್ತೆ ತಾರಸಿಯ ಅಂಚಿನಲ್ಲಿ ಕೂತು ಅವರಿಗೆ ಬಂದ ಎರಡೇ ತಮಿಳು ಮಾತಿನಲ್ಲಿ ಕೂಗುತ್ತಿದ್ದರು, "ಗರುಡನಾ? ಪರುಂದಾ?"

ಅವಳು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, "ಪರುಂದು ದಾನ್ ಪಾಟಿ! ಸಾಮಿ ಇನ್ನೂ ವರಲೆ!" ಎನ್ನುತ್ತಿದ್ದಳು, ಹದ್ದೇ ಅಜ್ಜಿ, ಸ್ವಾಮಿ ಇನ್ನೂ ಬಂದಿಲ್ಲ ಎಂದು. ಬಂದ ದಿನ, "ಸಾಮಿ ವಂದಾಚು, ಕುಂಬುಡು ಪಾಟೀ!" ಎನ್ನುತ್ತಿದ್ದಳು, ಸ್ವಾಮಿ ಬಂದಾಯಿತು, ಕೈ ಮುಗಿ ಎಂದು. ಅತ್ತೆ ಕೈ ಮುಗಿಯುತ್ತಿದ್ದರು. ಅವಳು ಕೊಟ್ಟ ನೀರನ್ನು ಅವರು ಮುಟ್ಟುತ್ತಿರಲಿಲ್ಲ, ಅವಳು ಕೊಟ್ಟ ದೇವರನ್ನು ತೆಗೆದುಕೊಳ್ಳುತ್ತಿದ್ದರು. ಬೀದಿಯವರು ನಗುತ್ತಿದ್ದರು. ನನಗೆ ನಗಲೂ ಬಿಡುವಿರಲಿಲ್ಲ, ಅಷ್ಟು ಹೊತ್ತಿಗೆ ಮನೆಯವರ ಮುಂದೆ ಕೂತು ಮಾತ್ರೆಗಳನ್ನು ಒಂದೊಂದಾಗಿ ನುಂಗಿಸಿ ಬಾಯಿ ತೆರೆಸಿ ನೋಡುತ್ತಿದ್ದೆ. ತೂಬು ಕಟ್ಟಿಕೊಂಡ ಮೇಲೆ ಅವರ ಮಾತನ್ನು ನಾನೂ ನಂಬುತ್ತಿರಲಿಲ್ಲ.

ಮುಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ ಎದೆಯ ಫೋಟೊ ಚೆನ್ನಾಗಿ ಬಂತು. ಗುರುವಾರದಿಂದ ಕೆಲಸಕ್ಕೆ ಹೋಗಬಹುದು, ಒಲೆಯ ಮುಂದೆ ಬೇಡ ಎಂದರು ಆಸ್ಪತ್ರೆಯವರು. ಯಜಮಾನರು ಬಡಿಸುವ ಕೆಲಸ ಕೊಟ್ಟರು. ಅತ್ತೆ ಗರುಡ ಉಳಿಸಿದ ಎಂದರು, ನಾನು ಸೂಜಿ ಮಾತ್ರೆ ಎಂದುಕೊಂಡೆ, ಮನೆಯವರು ಎರಡಕ್ಕೂ ಹೂಂ ಎಂದರು.

ಕೆಲಸಕ್ಕೆ ಹೋಗುವ ಮೊದಲಿನ ಭಾನುವಾರ, ಹರಕೆಯ ಕೊನೆಯ ಭಾನುವಾರ. ಅವತ್ತು ಪಾಯಸ ಮಾಡಿದ್ದೆ. ಹತ್ತು ಗಂಟೆಯಾದರೂ ಮೀನ್‌ಕಾರಮ್ಮ ಬರಲಿಲ್ಲ. ಅತ್ತೆ ತಾರಸಿಯಲ್ಲಿ ಕೂತಿದ್ದರು. ನಾನು ಒಗೆದ ಬಟ್ಟೆ ಹರವುತ್ತಿದ್ದೆ. ತಲೆ ಎತ್ತಿದರೆ ಪಕ್ಕದ ಮನೆಯ ನೀರಿನ ತೊಟ್ಟಿಯ ಮೇಲೆ, ನಮ್ಮಿಂದ ನಾಲ್ಕು ಮಾರು ದೂರದಲ್ಲಿ, ಗರುಡ ಕೂತಿತ್ತು. ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಸುಣ್ಣ ಬಳಿದ ಹಾಗೆ ಬಿಳಿ ಕುತ್ತಿಗೆ, ಇಟ್ಟಿಗೆ ಬಣ್ಣದ ರೆಕ್ಕೆ, ಕಾಲಲ್ಲಿ ಏನೋ ಹಿಡಿದಿತ್ತು.

"ಅತ್ತೆ, ಗರುಡ" ಎಂದೆ. "ತೊಟ್ಟಿಯ ಮೇಲೆ ಇತ್ತ್. ಇಲ್ಲೇ."

ಅವರು ತಲೆ ಎತ್ತಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಮೀನಿನವ್ಳು ಬರ್ಲ್" ಎಂದರು.

ನಾನು ಇನ್ನೊಂದು ಸಲ ಹೇಳಲಿಲ್ಲ. ಅದು ಕಾಲಲ್ಲಿದ್ದದ್ದನ್ನು ಎರಡು ಸಲ ಕುಕ್ಕಿ ತಿಂದು, ಹಾರಿ, ದಂಡೆಯ ಕಡೆಗೆ ಹೋಯಿತು. ನಾನು ಬಟ್ಟೆ ಹರವಿ ಮುಗಿಸಿದೆ.

ಮೀನ್‌ಕಾರಮ್ಮ ಬಂದದ್ದು ನಾಲ್ಕು ಗಂಟೆಗೆ. ಮಗಳ ಹೆರಿಗೆಯಂತೆ. ಅತ್ತೆ ಕೂಗಿ ಕೇಳಿದರು. ಅವಳು ಮೇಲೆ ನೋಡಿದಳು, ಆಕಾಶದಲ್ಲಿ ಕಾಗೆಯೂ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದಳು. ಬೆಳಿಗ್ಗೆ ದಂಡೆಯಲ್ಲಿ ಸ್ವಾಮಿ ಬಂದಿದ್ದ, ನಾನು ಕಣ್ಣಾರೆ ಕಂಡೆ, ನೀವು ಊಟ ಮಾಡಿ ಎಂದು ಕೂಗಿದಳು. ಅತ್ತೆಗೆ ಅದು ಅರ್ಥವಾಯಿತು. ದಂಡೆಯ ಕಡೆಗೆ ಕೈ ಮುಗಿದು ಎದ್ದರು.

ಅವಳು ಕಂಡಿದ್ದಳೋ ಇಲ್ಲವೋ ನಾನು ಕೇಳಲಿಲ್ಲ. ಪಾಯಸ ಹೆಪ್ಪುಗಟ್ಟಿತ್ತು. ಬಿಸಿ ಮಾಡದೆ ಹಾಗೇ ಬಡಿಸಿದೆ.